ಜರ್ಸಿ ಲೆಕ್ಕಕ್ಕೆ ಬಂತು, ಒಗೆದ ಕೂಲಿ ಬರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಫುಟ್‌ಬಾಲ್ ಕ್ಲಬ್‌ಗಳ ಹಣದ ಮುಗ್ಗಟ್ಟಿನ ಬಗ್ಗೆ ಹೋದ ವಾರ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹವನ್ನು ಎರಡು ಸಲ ಓದಿದೆ. ಆಟಗಾರರ ಬಾಕಿ ಸಂಬಳ, ಪ್ರಸಾರದ ಹಕ್ಕು, ಹೊಸ ಹೂಡಿಕೆದಾರರು, ಅಭಿಮಾನಿಗಳ ಆತಂಕ, ಎಲ್ಲವೂ ಇದ್ದವು. ಮೂರನೆಯ ಸಲ ಕನ್ನಡಕ ಒರೆಸಿಕೊಂಡು ಹುಡುಕಿದೆ. ಆಟಗಾರರಿಗೆ ಊಟ ಕೊಟ್ಟವರು, ಬಸ್ಸು ಓಡಿಸಿದವರು, ಬಟ್ಟೆ ಒಗೆದವರು ಎಲ್ಲಿಯೂ ಸಿಗಲಿಲ್ಲ. ನಾನು ಬಟ್ಟೆ ಒಗೆದವಳು. ಅದಕ್ಕೇ ಈ ಪತ್ರ. ಉದ್ದವಾಗಿದೆ ಎಂದು ಗೊತ್ತು. ಕತ್ತರಿಸಲೇಬೇಕಾದರೆ ನಮ್ಮವರ, ಅಂದರೆ ನನ್ನ ಗಂಡನ, ವಿಷಯ ಬಂದಲ್ಲಿ ಕತ್ತರಿಸಿ, ಲೆಕ್ಕ ಬಂದಲ್ಲಿ ಬೇಡ.

ಜೋಗೇಶ್ವರಿ ಪೂರ್ವದಲ್ಲಿ, ಹೆದ್ದಾರಿಯಿಂದ ಒಳಗೆ ಹತ್ತು ನಿಮಿಷ ನಡೆದರೆ ನಮ್ಮ ಲಾಂಡ್ರಿ. ನಮ್ಮವರು ಕಾರ್ಕಳದ ಕಡೆಯವರು. ಹದಿಮೂರನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಕತ್ತಲಾದ ಮೇಲೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಕುಳಿತು ಹತ್ತನೆಯ ತರಗತಿ ಮುಗಿಸಿದವರು. 1987ರಲ್ಲಿ ಒಂದು ಮೇಜು, ಒಂದು ಇದ್ದಿಲ ಇಸ್ತ್ರಿಪೆಟ್ಟಿಗೆಯಿಂದ ಶುರುವಾದ ಅಂಗಡಿಯಲ್ಲಿ ಈಗ ಮೂರು ದೊಡ್ಡ ಯಂತ್ರಗಳಿವೆ. ಅವರಿಲ್ಲದೆ ಒಂಬತ್ತು ವರ್ಷವಾಯಿತು. ಹೋಟೆಲಿನಲ್ಲಿದ್ದಾಗ ಅವರಿಗೆ ವಾರಕ್ಕೊಂದು ರಜೆ. ಆ ರಜೆಯಲ್ಲಿ ಕೂಪರೇಜ್ ಫುಟ್‌ಬಾಲ್ ಮೈದಾನ. ರೋವರ್ಸ್ ಕಪ್ ಪಂದ್ಯಾವಳಿ ನಡೆಯುವ ದಿನಗಳಲ್ಲಿ ಊಟ ಬಿಟ್ಟಾದರೂ ಟಿಕೆಟ್ ತೆಗೆಯುತ್ತಿದ್ದರಂತೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಇದೇ ಮುಂಬಯಿಗೆ ಬಂದು, ಅಲ್ಲಿಯವರೆಗೆ ಬಿಳಿಯರ ಪಲ್ಟನ್ನುಗಳೇ ಹೊತ್ತೊಯ್ಯುತ್ತಿದ್ದ ರೋವರ್ಸ್ ಕಪ್ಪನ್ನು ಗೆದ್ದು, ಮರುವರ್ಷ ಮತ್ತೆ ಗೆದ್ದ ಕಥೆಯನ್ನು ತಾನೇ ಕಣ್ಣಾರೆ ಕಂಡಂತೆ ಹೇಳುತ್ತಿದ್ದರು. ಆಗ ಅವರಿನ್ನೂ ಹುಟ್ಟಿಯೇ ಇರಲಿಲ್ಲ. ಆ ಕಪ್ಪೂ ನಿಂತುಹೋಗಿ ಎರಡು ದಶಕ ದಾಟಿತು.

ಏಳು ವರ್ಷದ ಹಿಂದೆ ನಮ್ಮ ಅಂಗಡಿಗೆ ಒಂದು ಫುಟ್‌ಬಾಲ್ ಕ್ಲಬ್ ಗಿರಾಕಿಯಾಗಿ ಬಂತು. ಹೆಸರು ಬರೆಯುವುದಿಲ್ಲ. ಟಿವಿಯಲ್ಲಿ ಕಾಣುವ ದೊಡ್ಡ ಕ್ಲಬ್ ಅಲ್ಲ, ಈ ಪತ್ರದಲ್ಲಿ ಮುಂದೆ ಹೆಸರಿಸುವ ಯಾವ ಕ್ಲಬ್ಬೂ ಅಲ್ಲ. ನಗರದ ಲೀಗ್‌ನಲ್ಲಿ ಆಡುವ, ಮಕ್ಕಳ ಎರಡು ತಂಡಗಳನ್ನೂ ಸಾಕಿಕೊಂಡಿದ್ದ ಮಧ್ಯಮ ವರ್ಗದ ಕ್ಲಬ್ ಎಂದಿಟ್ಟುಕೊಳ್ಳಿ. ನಮ್ಮವರು ಇದ್ದಿದ್ದರೆ ದರವನ್ನೇ ಕೇಳದೆ ಒಪ್ಪಿಕೊಳ್ಳುತ್ತಿದ್ದರು. ನಾನು ಕೇಳಿದೆ. ಜರ್ಸಿ, ಚಡ್ಡಿ, ಕಾಲುಚೀಲ ಸೇರಿ ಒಂದು ಸೆಟ್ಟಿಗೆ 48 ರೂಪಾಯಿ. ದಿನಕ್ಕೆ 34 ಸೆಟ್, ತಿಂಗಳಿಗೆ 22 ದಿನ.

ನನಗೆ ಆಫ್‌ಸೈಡ್ ಎಂದರೇನೆಂದು ಇವತ್ತಿಗೂ ತಿಳಿದಿಲ್ಲ. ಆದರೆ ಪಂದ್ಯ ಹೇಗೆ ನಡೆಯಿತು ಎಂಬುದನ್ನು ಬಟ್ಟೆಯ ಚೀಲ ಬಿಚ್ಚಿದ ಕೂಡಲೇ ಹೇಳಬಲ್ಲೆ. ಗೋಲ್‌ಕೀಪರನ ಎರಡೂ ಮೊಣಕೈ ಕಪ್ಪಾಗಿದ್ದರೆ ತಂಡಕ್ಕೆ ಕೆಟ್ಟ ದಿನ. ಹಿಂದೆ ಆಡುವವರ ಚಡ್ಡಿಯ ಒಂದು ಪಕ್ಕದಲ್ಲಿ ಮಾತ್ರ ಹುಲ್ಲಿನ ಕಲೆ ಇರುತ್ತದೆ. ಜಾರಿ ಚೆಂಡು ಕಸಿಯುವವರು ಯಾವಾಗಲೂ ಒಂದೇ ಮಗ್ಗುಲಿಗೆ ಜಾರುತ್ತಾರೆ. ಬೆಂಚಿನಲ್ಲಿ ಕುಳಿತವನ ಜರ್ಸಿಯಲ್ಲಿ ಬೆವರು ಇರುವುದಿಲ್ಲ, ಆದರೆ ಕತ್ತಿನ ಪಟ್ಟಿ ಹಿಗ್ಗಿರುತ್ತದೆ. ಪಾಪದ ಹುಡುಗ ತೊಂಬತ್ತು ನಿಮಿಷ ಅದನ್ನು ಕಚ್ಚುತ್ತ ಕುಳಿತಿರುತ್ತಾನೆ. ಕೂಪರೇಜಿನಂಥ ಕೃತಕ ಹುಲ್ಲಿನ ಮೈದಾನದಲ್ಲಿ ಆಡಿ ಬಂದರೆ ಕಾಲುಚೀಲ ಕೊಡವಿದಾಗ ಸಾಸಿವೆಯಂತೆ ಕಪ್ಪು ರಬ್ಬರ್ ಕಾಳುಗಳು ಉದುರುತ್ತವೆ. ಮೊದಲ ವರ್ಷ ಆ ಕಾಳು ತುಂಬಿಕೊಂಡು ಒಂದು ಯಂತ್ರದ ಜಾಲರಿ ಕಟ್ಟಿ, ರಿಪೇರಿಗೆ ಆರು ಸಾವಿರ ಹೋಯಿತು. ಆಮೇಲೆ ಕಾಲುಚೀಲಗಳನ್ನೆಲ್ಲ ಹಳೆಯ ಸೊಳ್ಳೆಪರದೆಯಿಂದ ಹೊಲಿದ ಚೀಲದಲ್ಲಿ ತುಂಬಿ ಒಗೆಯುವ ಉಪಾಯ ಕಂಡುಕೊಂಡೆ.

ಆ ಕ್ಲಬ್‌ನ ಬಣ್ಣ ಕಡುಗೆಂಪು, ತೋಳು ಬಿಳಿ. ಇಂಥ ಜರ್ಸಿಗಿಂತ ದೊಡ್ಡ ತಲೆನೋವು ಒಗೆಯುವವಳಿಗೆ ಇನ್ನೊಂದಿಲ್ಲ. ಬಿಸಿನೀರು ತಾಗಿದರೆ ಕೆಂಪು ಬಿಟ್ಟು ತೋಳು ಗುಲಾಬಿಯಾಗುತ್ತದೆ, ಬೆನ್ನಿನ ಅಂಕಿಯ ಅಂಟು ಬಿಡುತ್ತದೆ. ತಣ್ಣೀರಿನಲ್ಲಿ ಒಗೆದರೆ ಹುಲ್ಲಿನ ಕಲೆ ಹೋಗುವುದಿಲ್ಲ. ಕಲೆಯ ಜಾಗಕ್ಕೆ ಮಾತ್ರ ಪುಡಿ ಹಚ್ಚಿ, ಮೆತ್ತನೆಯ ಬ್ರಷ್ಷಿನಲ್ಲಿ ಕೈಯಿಂದ ಉಜ್ಜಿ, ತಣ್ಣೀರಿನಲ್ಲಿ ಎರಡು ಸಲ ತಿರುಗಿಸಿ, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಬೇಕು. ಏಳು ವರ್ಷ ಹೀಗೆ ಮಾಡಿದೆ. ಒಂದು ತೋಳೂ ಗುಲಾಬಿಯಾಗಲಿಲ್ಲ.

ಹಣ ನಿಲ್ಲುವ ಮುಂಚೆ ಏನೇನು ನಿಲ್ಲುತ್ತದೆ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಬಿಲ್ಲು ಕೊಡಲು ಅವರ ಕಚೇರಿಗೆ ಹೋದರೆ ಮೊದಲೆಲ್ಲ ಚಹಾದ ಜೊತೆ ಬಿಸ್ಕತ್ತು ಬರುತ್ತಿತ್ತು. ಒಂದು ತಿಂಗಳು ಬಿಸ್ಕತ್ತು ಬರಲಿಲ್ಲ. ಮರುತಿಂಗಳು ಚಹಾ ಇಲ್ಲ. ಆಮೇಲೆ ಎಸಿ ಕೆಟ್ಟಿತು, ಕೆಟ್ಟದ್ದು ಹಾಗೇ ಉಳಿಯಿತು. ಬಾಗಿಲಲ್ಲಿ ಕೂರುತ್ತಿದ್ದ ಹುಡುಗಿ ಒಂದು ದಿನ ಕಾಣಲಿಲ್ಲ. ಅವಳ ಮೇಜಿನ ಮೇಲೆ ಗೆದ್ದ ಕಪ್ಪುಗಳನ್ನು ತಂದು ಸಾಲಾಗಿ ಇಟ್ಟಿದ್ದರು. ಲೆಕ್ಕಪತ್ರದವರು ಮಾತ್ರ ಕೊನೆಯವರೆಗೂ ಒಂದೇ ಮಾತು ಹೇಳಿದರು: "ಮೇಡಂ, ಹೊಸ ಮಾಲೀಕರ ಜೊತೆ ಮಾತುಕತೆ ನಡೆದಿದೆ, ಸಹಿ ಒಂದು ಬಾಕಿ." ಆ ಸಹಿಗೆ ಮೊದಲು ಗುಜರಾತಿನಿಂದ ಯಾರೋ ಬರುವವರಿದ್ದರು. ಬಳಿಕ ದುಬೈನವರು ಎಂದರು. ಅದೂ ಮುಗಿದ ಮೇಲೆ, ಹೆಸರು ಹೇಳುವಂತಿಲ್ಲ, ಆದರೆ ದೊಡ್ಡ ಕುಳ ಎಂದರು.

ಒಂಬತ್ತು ತಿಂಗಳು ಬಿಲ್ಲು ಹರಿಯಲಿಲ್ಲ. ತಿಂಗಳಿಗೆ 35,904 ರೂಪಾಯಿ. ಜಿಎಸ್‌ಟಿ ಸೇರಿದರೆ 42,366 ರೂಪಾಯಿ 72 ಪೈಸೆ. ಒಂಬತ್ತು ತಿಂಗಳಿಗೆ 3,81,300. ಇದರಲ್ಲಿ 58 ಸಾವಿರಕ್ಕೂ ಮಿಕ್ಕಿದ ಜಿಎಸ್‌ಟಿಯನ್ನು ನಾನು ಸರಕಾರಕ್ಕೆ ಕಟ್ಟಿಯಾಗಿದೆ, ಏಕೆಂದರೆ ಬಿಲ್ಲು ಬರೆದ ತಿಂಗಳ ತೆರಿಗೆಯನ್ನು ಗಿರಾಕಿ ಕೊಟ್ಟರೂ ಕೊಡದಿದ್ದರೂ ಕಟ್ಟಬೇಕು. ಅಂದರೆ ನಾನು ಪುಕ್ಕಟೆ ಒಗೆದದ್ದೂ ಅಲ್ಲದೆ, ಒಗೆದದ್ದಕ್ಕೆ ಕೈಯಿಂದ ಹಣ ಕೊಟ್ಟಿದ್ದೇನೆ. ನಿಲ್ಲಿಸಬಹುದಿತ್ತಲ್ಲ ಎಂದು ಮಗಳು ಬೈಯುತ್ತಾಳೆ. ಅವಳು ಹೇಳುವುದು ಸರಿ. ನಾನು ನಿಲ್ಲಿಸದಿದ್ದುದಕ್ಕೆ ಕಾರಣ ತಂಡದ ಉಡುಪು ನೋಡಿಕೊಳ್ಳುತ್ತಿದ್ದ ಅವರ ಕಿಟ್ ಮ್ಯಾನೇಜರ್ ಹುಡುಗ.

ಕೊಲ್ಹಾಪುರದವನು. ಆ ಊರಿನಲ್ಲಿ ಪೇಟೆಯ ಒಂದೊಂದು ಗಲ್ಲಿಗೂ ಒಂದೊಂದು ಫುಟ್‌ಬಾಲ್ ತಂಡವಂತೆ. ನನ್ನನ್ನು 'ಮಾವ್ಶಿ', ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ. ಸಂಬಳವಾಗದೆ ಐದನೆಯ ತಿಂಗಳು, ಒಂದು ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಶಟರ್ ಅರ್ಧ ಎಳೆದಾಗ, ರಿಕ್ಷಾದಲ್ಲಿ ಎರಡು ಚೀಲ ಹೇರಿಕೊಂಡು ಬಂದ. ಮರುದಿನ ಬೆಳಿಗ್ಗೆ ಪಂದ್ಯ. ಹೊಸ ಜರ್ಸಿಗೆ ಹಣವಿಲ್ಲದೆ ಹಳೆಯವನ್ನೇ ತೊಟ್ಟು ಆಡುತ್ತಿದ್ದರು. ಏಳನೆಯ ನಂಬರಿನ ಅಂಕಿ ಅರ್ಧ ಕಿತ್ತು ಬಂದು ಒಂದರ ಹಾಗೆ ಕಾಣುತ್ತಿತ್ತು. "ರೆಫರಿ ಬಿಡುವುದಿಲ್ಲ ಮಾವ್ಶಿ" ಎಂದ. ಅಂಕಿಯ ಮೇಲೆ ಬೆಣ್ಣೆಕಾಗದ ಇಟ್ಟು, ಇಸ್ತ್ರಿಯ ಹಬೆ ಆರಿಸಿ, ಒಂದೊಂದು ಅಂಚನ್ನು ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಕೂರಿಸಿದೆ. ಆ ಹುಡುಗ ಎದುರಿಗೆ ಸ್ಟೂಲಿನಲ್ಲಿ ಕುಳಿತು, ನಾನು ಕೊಟ್ಟ ಇಡ್ಲಿಯನ್ನು ತಲೆ ಎತ್ತದೆ ತಿಂದ. ರಿಕ್ಷಾ ಬಾಡಿಗೆಯನ್ನು ಅವನೇ ಕೊಟ್ಟಿದ್ದನೆಂದು ಆಮೇಲೆ ತಿಳಿಯಿತು. ಇಂಥವನಿಗೆ ನಾಳೆಯಿಂದ ಬರಬೇಡ ಎಂದು ಹೇಳುವುದು ಹೇಗೆ? ಕ್ಲಬ್ ನನ್ನ ಹತ್ತಿರ ಒಂಬತ್ತು ತಿಂಗಳ ಸಾಲ ಪಡೆದದ್ದು ಈ ಹುಡುಗನ ಮುಖ ತೋರಿಸಿ.

ಮಾಲೀಕರು ಕಳ್ಳರು ಎಂದು ನಾನು ಹೇಳುವುದಿಲ್ಲ. ಕೈಯಿಂದ ಸಾಕಷ್ಟು ಹಾಕಿದ್ದಾರೆ. ಮೈದಾನದ ಬಾಡಿಗೆ, ಹುಡುಗರ ವಸತಿ, ಊಟ, ಕೋಚ್, ವೈದ್ಯರು, ಎಲ್ಲವೂ ಖರ್ಚು. ನಗರದ ಲೀಗ್ ಪಂದ್ಯಕ್ಕೆ ಟಿಕೆಟ್ ಇಟ್ಟರೆ ಬರುವವರು ಆಟಗಾರರ ತಂದೆತಾಯಿ. ಆದರೆ ಸಾಲ ಮಾಡಿ ಮದುವೆ ಮಾಡುವವರು ವಾಲಗದವನಿಗೂ ಅಡಿಗೆಯವನಿಗೂ ಬಾಕಿ ಹೇಳಿ ಚಪ್ಪರ ಮಾತ್ರ ಎತ್ತರಕ್ಕೆ ಕಟ್ಟಿಸುತ್ತಾರಲ್ಲ, ಅದು ನನಗೆ ಸರಿಬರುವುದಿಲ್ಲ. ಕಳೆದ ವರ್ಷವೂ ಅವರು ಹೊರಗಿನಿಂದ ಇಬ್ಬರು ಹೊಸ ಆಟಗಾರರನ್ನು ತಂದರು. ಅವರ ಜರ್ಸಿಯನ್ನೂ ನಾನೇ ಒಗೆದೆ.

ಕೊನೆಗೆ ಕಚೇರಿಗೆ ಬೀಗ ಬಿತ್ತು. ಬಿದ್ದ ದಿನ ನನ್ನ ಕಪಾಟಿನಲ್ಲಿ ಒಗೆದು ಮಡಚಿದ 41 ಸೆಟ್‌ಗಳಿದ್ದವು. ಇವತ್ತಿಗೂ ಇವೆ.

ಹೋದ ತಿಂಗಳು ಮಧ್ಯಾಹ್ನದ ಹೊತ್ತಿಗೆ ಇಬ್ಬರು ಎಳೆಯ ಹುಡುಗರು ಬಂದರು. ಕೋಟು, ಕುತ್ತಿಗೆಗೆ ಗುರುತುಚೀಟಿ, ಕೈಯಲ್ಲಿ ಟ್ಯಾಬ್. ಕ್ಲಬ್ ಕೊಳ್ಳಲು ಮುಂದೆ ಬಂದಿರುವವರ ಪರವಾಗಿ ಆಸ್ತಿ ಪರಿಶೀಲನೆಗೆ ಬಂದಿದ್ದೇವೆ ಎಂದರು. ನಮ್ಮ ಜಗಲಿಯಲ್ಲಿ ಇಸ್ತ್ರಿಗೆ ಕಾದಿದ್ದ ಸೀರೆಗಳ ನಡುವೆ ನಿಂತು ಒಂದೊಂದೇ ಜರ್ಸಿ ಎಣಿಸಿದರು. "ಆಟದ ಉಡುಪು, 41, ಸ್ಥಿತಿ ಉತ್ತಮ" ಎಂದು ಬರೆದುಕೊಂಡರು. ಸ್ಥಿತಿ ಉತ್ತಮ ಎಂದುದಕ್ಕೆ ನಾನು ವಂದನೆ ಹೇಳಿದೆ. ಆಮೇಲೆ ಬಿಲ್ಲುಗಳ ಕಡತ ತೆಗೆದು ಎದುರಿಗಿಟ್ಟೆ. ಒಬ್ಬ ಹುಡುಗ ಮೇಲಿನ ಹಾಳೆ ನೋಡಿ, ನಯವಾಗಿಯೇ ಹೇಳಿದ: "ಆಂಟಿ, ಇದು ಹಳೆಯ ಆಡಳಿತದ್ದು. ನಮ್ಮ ಪಟ್ಟಿಯಲ್ಲಿ ಬರುವುದಿಲ್ಲ." ಜರ್ಸಿಯೂ ಹಳೆಯ ಆಡಳಿತದ್ದೇ ಅಲ್ಲವೇ ಎಂದು ಕೇಳಿದೆ. ಇನ್ನೊಬ್ಬ ನಕ್ಕ. ಮೊದಲಿನವನು ನಗಲಿಲ್ಲ, ಟ್ಯಾಬ್ ಮುಚ್ಚಿದ. ಬಟ್ಟೆಯನ್ನು ಯಾವಾಗ ಒಯ್ಯಬಹುದು ಎಂದು ಕೇಳಿ ಹೋದರು.

ಅವರು ಹೋದ ಮೇಲೆ ನಮ್ಮ ಕಟ್ಟಡದಲ್ಲೇ ಇರುವ, ಅಂಧೇರಿ ನ್ಯಾಯಾಲಯಕ್ಕೆ ಹೋಗುವ ಕನ್ನಡದ ವಕೀಲರೊಬ್ಬರನ್ನು ಕೇಳಿದೆ. ಅವರು ಪುಸ್ತಕ ತೆಗೆದು ತೋರಿಸಿದರು: 1872ರ ಕರಾರು ಕಾಯ್ದೆಯ 170ನೆಯ ಕಲಂ. ಯಾರಾದರೂ ಒಂದು ವಸ್ತುವನ್ನು ಕೆಲಸಕ್ಕೆಂದು ನಿಮ್ಮ ಕೈಗೆ ಕೊಟ್ಟು, ಅದರ ಮೇಲೆ ನೀವು ಶ್ರಮವನ್ನೋ ಕೌಶಲವನ್ನೋ ಹಾಕಿದ್ದರೆ, ಕೂಲಿ ಕೊಡುವವರೆಗೆ ಆ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ನಿಮಗಿದೆ. ನನಗೆ ಅರೆಗಳಿಗೆ ಆನೆ ಬಲ ಬಂತು. ವಕೀಲರು ಕನ್ನಡಕದ ಮೇಲಿನಿಂದ ನೋಡಿ ಮುಂದಿನದನ್ನು ಓದಿದರು. ಆ ವಸ್ತುವಿಗೆ ಮಾಡಿದ ಆ ಕೆಲಸದ ಕೂಲಿಗೆ ಮಾತ್ರ. ಹಿಂದೆ ಒಗೆದು ವಾಪಸು ಕೊಟ್ಟ ಬಟ್ಟೆಯ ಬಾಕಿಗೆ ಈ ಬಟ್ಟೆಯನ್ನು ಹಿಡಿಯುವಂತಿಲ್ಲ. 41 ಸೆಟ್, 48 ರೂಪಾಯಿ. 1,968 ರೂಪಾಯಿಗೆ ಮಾತ್ರ ನನಗೆ ಹಕ್ಕು. ನಂಬಿ ವಾಪಸು ಕೊಟ್ಟದ್ದಕ್ಕೆಲ್ಲ ಕಾನೂನಿನಲ್ಲಿ ಹಿಡಿತವಿಲ್ಲ.

ದಿವಾಳಿ ಅರ್ಜಿ ಹಾಕೋಣವೇ ಎಂದೆ. 2016ರ ದಿವಾಳಿ ಸಂಹಿತೆಯಲ್ಲಿ ನಮ್ಮಂಥ ಸೇವೆ ಕೊಟ್ಟವರಿಗೂ ಜಾಗವಿದೆ. ಶುರುವಿನಲ್ಲಿ ಒಂದು ಲಕ್ಷ ಬಾಕಿಯಿದ್ದರೂ ಕಂಪನಿ ನ್ಯಾಯಮಂಡಳಿಗೆ ಹೋಗಬಹುದಿತ್ತು. 2020ರ ಮಾರ್ಚ್‌ನಲ್ಲಿ, ಕೊರೋನಾ ಕಾಲದಲ್ಲಿ ಸಣ್ಣ ಕಂಪನಿಗಳನ್ನು ಉಳಿಸಲೆಂದು, ಆ ಮಿತಿಯನ್ನು ಒಂದು ಕೋಟಿಗೆ ಏರಿಸಿದರು. ಕೊರೋನಾ ಹೋಯಿತು, ಒಂದು ಕೋಟಿ ಉಳಿಯಿತು. ಒಂದು ಕೋಟಿ ಬಾಕಿಯಾಗಬೇಕಾದರೆ ನಾನು ಆ ಕ್ಲಬ್‌ನ ಬಟ್ಟೆಯನ್ನು ಇನ್ನೂ ಹತ್ತೊಂಬತ್ತು ವರ್ಷ ಪುಕ್ಕಟೆ ಒಗೆಯಬೇಕು, ಲೆಕ್ಕ ಹಾಕಿ ನೋಡಿದ್ದೇನೆ. ಉಳಿದದ್ದು ಸಣ್ಣ ಉದ್ದಿಮೆಗಳ 2006ರ ಕಾಯ್ದೆ: 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಓದಲು ಬಹಳ ಚೆನ್ನಾಗಿದೆ. ಅರ್ಜಿ ಹಾಕಿದ್ದೇನೆ. ಕ್ಲಬ್‌ಗೆ ಕಳಿಸಿದ ನೋಟಿಸು, ಕಚೇರಿಗೆ ಬೀಗ ಬಿದ್ದಿರುವುದರಿಂದ, ವಾಪಸು ಬಂದಿದೆ.

ಇನ್ನು ಫುಟ್‌ಬಾಲಿನವರ ಸ್ವಂತ ಕಾನೂನು. ಇದನ್ನು ನನಗೆ ವಿವರಿಸಿದವನು ಕೊಲ್ಹಾಪುರದ ಹುಡುಗನೇ. ಸಂಬಳ ಸಿಗದ ವಿದೇಶಿ ಆಟಗಾರ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾಕ್ಕೆ ದೂರು ಕೊಟ್ಟು ಗೆದ್ದರೆ, ಹಣ ತೀರುವವರೆಗೆ ಕ್ಲಬ್ ಹೊಸ ಆಟಗಾರರನ್ನು ನೋಂದಾಯಿಸುವಂತಿಲ್ಲ. ಹಳೆಯ ಕಂಪನಿ ಮುಚ್ಚಿ ಹೊಸ ಹೆಸರಿನಲ್ಲಿ ಅದೇ ಕ್ಲಬ್ ನಡೆಸುತ್ತೇನೆಂದರೂ ಫಿಫಾ ಬಿಡುವುದಿಲ್ಲ. 'ಕ್ರೀಡಾ ಉತ್ತರಾಧಿಕಾರಿ' ಎಂದು ಹಿಡಿದು ಹಳೆಯ ಬಾಕಿಯನ್ನು ತಲೆಗೆ ಕಟ್ಟುತ್ತದೆ. ಉತ್ತರಾಧಿಕಾರಿ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಏನು ನೋಡುತ್ತಾರೆ ಎಂದು ಕೇಳಿದೆ. ಹೆಸರು, ಕಚೇರಿ, ಆಟಗಾರರು, ಪಾಲುದಾರರು, ಆಡುವ ದರ್ಜೆ, ಮತ್ತೆ ತಂಡದ ಬಣ್ಣ ಎಂದ. ನನಗೆ ನಗು ತಡೆಯಲಾಗಲಿಲ್ಲ. ಆ ಬಣ್ಣ ಏಳು ವರ್ಷ ಬಿಡದಂತೆ ನೋಡಿಕೊಂಡವಳು ನಾನು. ಬಣ್ಣದ ಆಧಾರದ ಮೇಲೆ ಹಣ ಸಿಗುವುದು ಆಟಗಾರನಿಗೆ, ಕೋಚಿಗೆ, ಇನ್ನೊಂದು ಕ್ಲಬ್‌ಗೆ. ಒಗೆದವಳು ಫುಟ್‌ಬಾಲ್ ಕುಟುಂಬದವಳಲ್ಲ. ಆಟಗಾರರಿಗೆ ಸಿಗಬಾರದೆಂದು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಅವರದ್ದು ಹತ್ತು ವರ್ಷದ ಬಾಳು, ಮೊಣಕಾಲು ಹೋದರೆ ಮುಗಿಯಿತು. ಆದರೆ ಇದು ಇಲ್ಲಿನ ರೋಗ ಮಾತ್ರವೂ ಅಲ್ಲ. ಇಂಗ್ಲೆಂಡಿನಲ್ಲಿ ಪೋರ್ಟ್ಸ್‌ಮತ್ ಎಂಬ ಹೆಸರಾಂತ ಕ್ಲಬ್ 2010ರಲ್ಲಿ ಕೈಯೆತ್ತಿದಾಗ, ಹಣ ಬರಬೇಕಾದವರ ಪಟ್ಟಿಯಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಕೂಡ ಇತ್ತಂತೆ. ಮೈದಾನದಲ್ಲಿ ಬಿದ್ದವರಿಗೆ ಪಟ್ಟಿ ಕಟ್ಟುವ ಧರ್ಮಸಂಸ್ಥೆ ಅದು. ಅಲ್ಲಿಯೂ ಫುಟ್‌ಬಾಲಿನವರ ಬಾಕಿ ಮೊದಲು ತೀರಬೇಕೆಂಬ ನಿಯಮ.

ನಮ್ಮ ಕಡೆ ನೋಡಿ. ಕೂಪರೇಜಿನಲ್ಲಿ ನಮ್ಮವರು ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದ ಮಹೀಂದ್ರ ಯುನೈಟೆಡ್ 2005–06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದು, 2010ರಲ್ಲಿ ಮುಚ್ಚಿತು. ಆ ಸುದ್ದಿ ಬಂದ ದಿನ ಅವರು ಅಂಗಡಿಯ ರೇಡಿಯೊ ಹಾಕಲಿಲ್ಲ. ಗೋವಾದಲ್ಲಿ ಸಾಲಗಾಂವ್ಕರ್, ಸ್ಪೋರ್ಟಿಂಗ್, ಐದು ಸಲ ದೇಶದ ಚಾಂಪಿಯನ್ ಆದ ಡೆಂಪೊ, ಮೂರೂ 2016ರಲ್ಲಿ ಆಗಿನ ರಾಷ್ಟ್ರೀಯ ಲೀಗ್ ಆದ ಐ–ಲೀಗ್ ಬಿಟ್ಟವು. ಪುಣೆಯಲ್ಲಿ ಪುಣೆ ಎಫ್‌ಸಿ ಹೋಯಿತು, ಭಾರತ್ ಎಫ್‌ಸಿ ಒಂದೇ ಋತು ಆಡಿ ಹೋಯಿತು, ಬಾಲೇವಾಡಿಯಲ್ಲಿ ಆಡುತ್ತಿದ್ದ ಪುಣೆ ಸಿಟಿ 2019ರಲ್ಲಿ ಮುಗಿದು ಅದರ ಜಾಗಕ್ಕೆ ಹೈದರಾಬಾದ್ ಬಂತು. ಹೈದರಾಬಾದ್ 2022ರಲ್ಲಿ ಗೋವಾದ ಫಾತೋರ್ಡಾದಲ್ಲಿ ಇಂಡಿಯನ್ ಸೂಪರ್ ಲೀಗ್ ಕಪ್ ಎತ್ತಿತು. ಎರಡು ವರ್ಷದೊಳಗೆ ಸಂಬಳದ ತಕರಾರು, ಹೊಸ ಮಾಲೀಕರು, 2025ರಲ್ಲಿ ದೆಹಲಿಗೆ ಪಯಣ, ಹೊಸ ಹೆಸರು. ಇದೇ ಮುಂಬಯಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯ ಒಡೆಯರು 2019ರಲ್ಲಿ ಮುಂಬೈ ಸಿಟಿಯ 65 ಪ್ರತಿಶತ ಪಾಲು ಕೊಂಡು, 2025ರ ಡಿಸೆಂಬರ್‌ನಲ್ಲಿ ಬಿಟ್ಟು ಹೊರಟರು. ಅದೇ ತಿಂಗಳು, ಇಂಡಿಯನ್ ಸೂಪರ್ ಲೀಗ್ ಯಾವುದರ ಆಧಾರದ ಮೇಲೆ ನಡೆಯುತ್ತಿತ್ತೋ ಆ ಹದಿನೈದು ವರ್ಷದ ವಾಣಿಜ್ಯ ಹಕ್ಕಿನ ಒಪ್ಪಂದವೂ ಮುಗಿದಿತ್ತು. ಹೊಸದಾಗಿ ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಲೀಗ್ ಶುರುವಾಗುವ ಹೊತ್ತಿಗೆ 2026ರ ಫೆಬ್ರವರಿ 14 ಆಗಿತ್ತು. ದೊಡ್ಡವರ ಮನೆಯಲ್ಲೇ ದೀಪ ಹೀಗೆ ಹೊಯ್ದಾಡಿದರೆ ನಮ್ಮ ಗಿರಾಕಿಯಂಥ ಕ್ಲಬ್‌ಗೆ ಹಣ ಹಾಕುವವರು ಹಿಂಜರಿಯುವುದು ಸಹಜ. ಅದನ್ನು ನಾನು ಒಪ್ಪುತ್ತೇನೆ.

ಆದರೆ ಒಂದು ವಿಷಯವನ್ನು ಒಪ್ಪಲಾರೆ. ಮುಂಬಯಿಯಲ್ಲಿ ಹತ್ತಡಿ ಖೋಲಿ ಕೊಳ್ಳುವವನೂ ಮೊದಲು ಪತ್ರಿಕೆಯಲ್ಲಿ ಜಾಹೀರು ನೋಟಿಸು ಹಾಕಿಸುತ್ತಾನೆ. "ಇಂಥ ಜಾಗವನ್ನು ನಮ್ಮ ಕಕ್ಷಿದಾರರು ಕೊಳ್ಳುತ್ತಿದ್ದಾರೆ, ಯಾರಿಗಾದರೂ ಹಕ್ಕು, ಅಡಮಾನ, ಬಾಕಿ ಇದ್ದರೆ ಹದಿನಾಲ್ಕು ದಿನಗಳೊಳಗೆ ದಾಖಲೆಯೊಂದಿಗೆ ತಿಳಿಸತಕ್ಕದ್ದು." ಇಂಗ್ಲಿಷಿನಲ್ಲೊಂದು, ಮರಾಠಿಯಲ್ಲೊಂದು. ನಮ್ಮ ಅಂಗಡಿಯನ್ನು ಕೊಂಡಾಗ ನಮ್ಮವರೂ ಹಾಕಿಸಿದ್ದರು. ಆ ತುಂಡು ಇನ್ನೂ ದೇವರ ಪಟದ ಹಿಂದೆ ಇದೆ. ಸಾವಿರಾರು ಜನ ನಮ್ಮದು ಎಂದು ಎದೆ ತಟ್ಟಿಕೊಳ್ಳುವ ಕ್ಲಬ್ ಕೈ ಬದಲಾಗುವಾಗ ಇಷ್ಟೂ ಇಲ್ಲ. ನಮಗೆ ತಿಳಿಯುವುದು ಕೋಟು ಹಾಕಿದ ಹುಡುಗರು ಜರ್ಸಿ ಎಣಿಸಲು ಬಂದಾಗ.

ಆದ್ದರಿಂದ ನಗರದ, ರಾಜ್ಯದ, ದೇಶದ ಫುಟ್‌ಬಾಲ್ ಸಂಸ್ಥೆಗಳಿಗೆ ನಿಮ್ಮ ಮೂಲಕ ನನ್ನದು ಒಂದೇ ಬೇಡಿಕೆ. ಕ್ಲಬ್‌ನ ಮಾಲೀಕತ್ವ ಬದಲಾವಣೆಗೆ ಒಪ್ಪಿಗೆ ಕೊಡುವ ಮುಂಚೆ ಇಂಥ ನೋಟಿಸು ಕಡ್ಡಾಯವಾಗಲಿ. ಕ್ಲಬ್‌ಗೆ ಪರವಾನಗಿ ಕೊಡುವಾಗ ಆಟಗಾರರ ಬಾಕಿ, ನೌಕರರ ಬಾಕಿ, ತೆರಿಗೆ ಬಾಕಿ ಕೇಳುವ ಕಾಗದದಲ್ಲೇ ಇನ್ನೊಂದು ಸಾಲು ಸೇರಲಿ: ಊಟ, ವಾಹನ, ಬಟ್ಟೆ, ಮೈದಾನ. ಹೊಸ ಮಾಲೀಕರು ಎಲ್ಲವನ್ನೂ ಒಂದೇ ದಿನ ಕೊಡಬೇಕೆಂದು ಹೇಳುತ್ತಿಲ್ಲ. ಹಳೆಯ ಬಾಕಿಯ ಭಾರಕ್ಕೆ ಹೆದರಿ ಅವರು ಓಡಿಹೋದರೆ ನನಗೂ ಸೊನ್ನೆ, ಆ ಮಕ್ಕಳಿಗೂ ಸೊನ್ನೆ. ಆದರೆ ಬಾಕಿ ಎಷ್ಟೆಂದು ಮೊದಲೇ ಗೊತ್ತಿದ್ದರೆ, ಅಷ್ಟನ್ನು ಬೆಲೆಯಲ್ಲಿ ಮುರಿದುಕೊಂಡು ಕೊಳ್ಳಬಹುದಲ್ಲ. ನನಗೆ ಹನ್ನೆರಡು ಕಂತಾದರೂ ಆಗುತ್ತದೆ. ಬಡ್ಡಿ ಬೇಡ. ಬೇಡ ಎಂದು ಬರೆಯಬೇಡಿ ಎಂದು ವಕೀಲರು ಹೇಳಿದ್ದಾರೆ, ಆದರೂ ಬರೆದಿದ್ದೇನೆ.

ನನ್ನಂಥವರು ಇನ್ನೂ ಇದ್ದಾರೆ. ಹುಡುಗರಿಗೆ ಬೆಳಗಿನ ಮೊಟ್ಟೆ, ಬಾಳೆಹಣ್ಣು ಕೊಡುತ್ತಿದ್ದವರಿಗೆ ಒಂದೂವರೆ ಲಕ್ಷ ಬರಬೇಕಂತೆ. ಬಸ್ಸಿನವರು ನಮ್ಮ ಕುಂದಾಪುರದವರೇ. ಎಷ್ಟು ಎಂದು ಕೇಳಿದರೆ ಕೈ ಅಲ್ಲಾಡಿಸಿ ಬೇರೆ ಮಾತು ತೆಗೆಯುತ್ತಾರೆ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ ಮುದುಕನ ಬಳಿ ಬಿಲ್ಲೂ ಇಲ್ಲ, ಕರಾರೂ ಇಲ್ಲ. ಯಾವ ಕಾಯ್ದೆಯೂ ಅವನವರೆಗೆ ಬರುವುದಿಲ್ಲ. ಈ ಪತ್ರ ಓದಿದವರಲ್ಲಿ ಇಂಥ ಬಾಕಿ ಉಳಿದವರಿದ್ದರೆ ತಮ್ಮ ಬಿಲ್ಲಿನ ಪ್ರತಿ ಇಟ್ಟುಕೊಳ್ಳಲಿ, ಕೊಟ್ಟ ಬಟ್ಟೆಗೆ, ಪಾತ್ರೆಗೆ ಸಹಿ ತೆಗೆದುಕೊಳ್ಳಲಿ. ನಾನು ಏಳು ವರ್ಷ ತೆಗೆದುಕೊಂಡಿದ್ದೇನೆ. ಕೋಟಿನ ಹುಡುಗರು ಟ್ಯಾಬ್ ಮುಚ್ಚಿದರೂ ಆ ಕಾಗದಗಳು ನನ್ನ ಬಳಿಯೇ ಉಳಿದಿವೆ.

ಕೊಲ್ಹಾಪುರದ ಹುಡುಗ ಈಗ ಠಾಣೆಯಲ್ಲಿ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ಭಾನುವಾರ ಫೋನ್ ಮಾಡಿ ಮೊದಲು ಕೇಳುವುದು ಜರ್ಸಿಗಳ ಯೋಗಕ್ಷೇಮ.

ಅವು ಕ್ಷೇಮವಾಗಿವೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಮೇಲಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಏಳನೆಯ ನಂಬರು ಗಟ್ಟಿಯಾಗಿದೆ. ಕ್ಲಬ್ಬನ್ನು ಯಾರೇ ಕೊಂಡರೂ 1,968 ರೂಪಾಯಿ ಮತ್ತು ಅದರ ಜಿಎಸ್‌ಟಿ ತಂದು, ರಸೀತಿ ಪಡೆದು, ಎಣಿಸಿಕೊಂಡು ಒಯ್ಯಬಹುದು. ಆ ಹೊತ್ತಿಗೆ 3,81,300ರ ಕಡತವೂ ಮೇಜಿನ ಮೇಲೆಯೇ ಇರುತ್ತದೆ. ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ, ಮಧ್ಯಾಹ್ನ ಎರಡರಿಂದ ನಾಲ್ಕು ಮುಚ್ಚಿರುತ್ತದೆ. ಸೋಮವಾರ ರಜೆ.

ಇಂತಿ,
ಲಾಂಡ್ರಿಯ ಒಡತಿ
ಜೋಗೇಶ್ವರಿ ಪೂರ್ವ, ಮುಂಬಯಿ
(ಹೆಸರು ಪ್ರಕಟಿಸಬೇಡಿ, ಉಳಿದ ಗಿರಾಕಿಗಳು ಮುಜುಗರಪಟ್ಟುಕೊಂಡಾರು.)